ರಾತ್ರಿಯೆಲ್ಲ ಕೂತೇ ಇರ್ತಾರೆ: ಸೊಂಟದ ಆಪರೇಷನ್ ಆದ ಅಜ್ಜಿಯೊಬ್ಬರ ನಿದ್ದೆಯ ಪ್ರಕರಣ

ಫೋನ್ ಮಾಡಿದ್ದು ಸೊಸೆ. "ಮೇಡಂ, ನಮ್ಮತ್ತೆ ರಾತ್ರಿಯೆಲ್ಲ ಕೂತೇ ಇರ್ತಾರೆ. ನೋವಿನ ಮಾತ್ರೆ ಜಾಸ್ತಿ ಮಾಡಿಸ್ಬೇಕೇನೋ. ಒಂದ್ಸಲ ಬಂದು ನೋಡಿ."

ನಾನು ಮಂಡ್ಯದಲ್ಲಿ ಫಿಸಿಯೋಥೆರಪಿಸ್ಟ್. ಬೆಳಿಗ್ಗೆ ಕ್ಲಿನಿಕ್ಕು, ಮಧ್ಯಾಹ್ನದ ಮೇಲೆ ಸುತ್ತಲ ಹಳ್ಳಿಗಳಿಗೆ ಸ್ಕೂಟರ್‌ನಲ್ಲಿ ಸುತ್ತಾಟ. ಸೊಂಟ, ಮಂಡಿ, ಬೆನ್ನಿನ ಆಪರೇಷನ್ ಆಗಿ ಮನೆಗೆ ಬಂದವರನ್ನು ಎಬ್ಬಿಸಿ ನಡೆಸುವುದು ನನ್ನ ಕೆಲಸ. ಯಾವಾಗ ನಡೆಯಬಹುದು ಅಂತ ಎಲ್ಲರೂ ಕೇಳುತ್ತಾರೆ. ಹೇಗೆ ಮಲಗಬೇಕು ಅಂತ ಕೇಳುವವರು ಕಮ್ಮಿ. ಕೇಳಿದರೂ ಮಾತು ಮಾತ್ರೆಗೇ ಬಂದು ನಿಲ್ಲುತ್ತದೆ. ಈ ಅಜ್ಜಿಯ ನಿದ್ದೆ ಕೆಡಿಸಿದ್ದು ನೋವು ಅಂತ ನಾನೂ ನಾಲ್ಕು ದಿನ ನಂಬಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮನೆಯವರನ್ನು ಕೇಳಿಯೇ ಬರೆದಿದ್ದು. ಊರು, ಹೆಸರು ಬಿಟ್ಟಿದ್ದೇನೆ.

ಹಿನ್ನೆಲೆ

ಅಜ್ಜಿಗೆ 71 ವರ್ಷ. ವಿಶ್ವೇಶ್ವರಯ್ಯ ನಾಲೆಯ ಬಯಲಿನ ಊರು. ಮೂರು ಎಕರೆ ಕಬ್ಬು, ಊಟಕ್ಕಾಗುವಷ್ಟು ಭತ್ತ, ಹಿತ್ತಲಲ್ಲಿ ಎರಡು ಹಸು. ಯುಗಾದಿ ಕಳೆದ ವಾರ ಬಚ್ಚಲಲ್ಲಿ ಕಾಲು ಜಾರಿ ಬಲಮಗ್ಗುಲಿಗೆ ಬಿದ್ದರು. ತೊಡೆಮೂಳೆಯ ಕತ್ತು ಮುರಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮೂಳೆಯ ತಲೆಭಾಗ ತೆಗೆದರು, ಲೋಹದ ಗುಂಡು ಕೂರಿಸಿದರು. ನಮ್ಮ ಕಡೆ ಇದಕ್ಕೆ 'ಬಾಲ್ ಹಾಕಿದ್ದಾರೆ' ಅಂತಾರೆ. ಈ ವಯಸ್ಸಲ್ಲಿ ಕತ್ತು ಮುರಿದು ಜರುಗಿದರೆ ತಲೆಭಾಗಕ್ಕೆ ಹೋಗುವ ರಕ್ತ ತಪ್ಪಿಹೋಗುತ್ತದೆ, ಮೂಳೆ ಕೂಡಿಕೊಳ್ಳುವ ಭರವಸೆ ಇರುವುದಿಲ್ಲ. ಬಾಲ್ ಹಾಕಿದರೆ ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸಬಹುದು. ಇವರನ್ನೂ ನಿಲ್ಲಿಸಿದ್ದರು. ಆರನೇ ದಿನ ಮನೆಗೆ ಕಳಿಸಿದರು.

ಸೊಂಟದ ಹಿಂಬದಿಯಿಂದ ಕೊಯ್ದು ಬಾಲ್ ಹಾಕಿದವರಿಗೆ ಮೂರು ಕಟ್ಟುಪಾಡು ಇರುತ್ತವೆ. ಸೊಂಟ 90 ಡಿಗ್ರಿಗಿಂತ ಜಾಸ್ತಿ ಬಗ್ಗಬಾರದು. ಆ ಕಾಲು ಮೈಯ ನಡುಗೆರೆ ದಾಟಿ ಇನ್ನೊಂದು ಕಾಲಿನ ಮೇಲೆ ಹೋಗಬಾರದು. ಪಾದ ಒಳಕ್ಕೆ ತಿರುಗಬಾರದು. ಹಿಂದೆ ಹೊಲಿದ ಸ್ನಾಯು ಗಟ್ಟಿಯಾಗುವವರೆಗೆ, ಅಂದರೆ ಸಾಮಾನ್ಯವಾಗಿ 6ರಿಂದ 12 ವಾರ, ಈ ಮೂರರಲ್ಲಿ ಯಾವುದು ತಪ್ಪಿದರೂ ಗುಂಡು ತಾನು ಕೂರುವ ಸೊಂಟದ ಬಟ್ಟಲಿನಿಂದ ಜಾರಬಹುದು. ಎಚ್ಚರವಿದ್ದಾಗ ಯಾರು ಬೇಕಾದರೂ ಪಾಲಿಸುತ್ತಾರೆ. ನಿದ್ದೆಯಲ್ಲಿ?

ಅದರಲ್ಲೂ ಈ ಅಜ್ಜಿ ಐವತ್ತು ವರ್ಷದಿಂದ ಮಲಗಿದ್ದು ನೆಲದ ಮೇಲೆ. ನಡುಮನೆಯ ಬಾಗಿಲ ಪಕ್ಕ ಚಾಪೆ, ಮೇಲೊಂದು ದುಪ್ಪಟಿ, ಬಲಮಗ್ಗುಲಿಗೆ ಮುದುರಿಕೊಂಡು ಮಂಡಿಯನ್ನು ಹೊಟ್ಟೆಗೆ ಸೇರಿಸಿ ನಿದ್ದೆ. ಆ ಒಂದು ಭಂಗಿಯಲ್ಲೇ ಕಟ್ಟುಪಾಡೆಲ್ಲ ಮುರಿದು ಬೀಳುತ್ತವೆ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಆಸ್ಪತ್ರೆಯಲ್ಲಿ ಮೂರನೇ ರಾತ್ರಿ ಅಜ್ಜಿ ಎದ್ದು ಕೂತು ಹಸು ಬಿಚ್ಚಿಕೊಂಡಿದೆ ಅಂತ ಕೂಗಿದ್ದರಂತೆ. "ಹಗ್ಗ ಬಿಚ್ಚೋಗದೆ, ಹಿಡ್ಕೊಳ್ರೋ" ಅಂತ ವಾರ್ಡೆಲ್ಲ ಕೇಳುವ ಹಾಗೆ. ಬೆಳಿಗ್ಗೆ ಏನೂ ನೆನಪಿಲ್ಲ. ಮನೆಯವರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸುವ ಯೋಚನೆಯಲ್ಲಿದ್ದರು. ವಯಸ್ಸಾದವರಿಗೆ ಸೊಂಟದ ಆಪರೇಷನ್ ಆದ ಮೇಲೆ ಹೀಗೆ ಗಲಿಬಿಲಿ ಆಗುವುದು ಅಪರೂಪವೇನಲ್ಲ. ಹೊಸ ಜಾಗ, ನೋವು, ಔಷಧ, ನಿದ್ದೆ ಇಲ್ಲ, ಕಣ್ಣಿಗೆ ಕನ್ನಡಕ ಇಲ್ಲ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಇಳಿಯುತ್ತದೆ, ಇವರಿಗೂ ಇಳಿದಿತ್ತು. ಆದರೆ ಓರಗಿತ್ತಿ ಪ್ರೀತಿಯಿಂದ ತನ್ನ ನಿದ್ದೆ ಮಾತ್ರೆಯ ಅರ್ಧ ಪಟ್ಟಿ ತಂದು ಕೊಟ್ಟಿದ್ದರು. ಅದನ್ನು ನಾನು ವಾಪಸ್ ಕಳಿಸಿದೆ. ಅಂಥ ಮಾತ್ರೆ ಈ ಗಲಿಬಿಲಿಯನ್ನು ಜಾಸ್ತಿ ಮಾಡಬಹುದು, ರಾತ್ರಿ ಎದ್ದಾಗ ತೂರಾಡಿ ಬೀಳಿಸಬಹುದು. ಒಂದು ಸಲ ಬಿದ್ದಿದ್ದು ಸಾಕು ಅಲ್ವಾ?

ಮೊದಲ ಭೇಟಿ

ಆಪರೇಷನ್ ಆದ ಒಂಬತ್ತನೇ ದಿನ ಸಂಜೆ ಹೋದೆ. ನಡುಮನೆಯ ಮೂಲೆಯಲ್ಲಿ ಮಡಚುವ ಕಬ್ಬಿಣದ ಮಂಚ, ಮೇಲೆ ಫೋಮ್ ಹಾಸಿಗೆ. ಅಜ್ಜಿ ಗೋಡೆಗೆ ಮೂರು ದಿಂಬು ಒರಗಿಸಿಕೊಂಡು ಕೂತಿದ್ದರು. ಕಣ್ಣು ಗುಳಿ ಬಿದ್ದಿತ್ತು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಬೇಸಿಗೆ ಅಲ್ವಾ ಅಂದುಕೊಂಡು ಆ ತುಟಿಯನ್ನು ಅಲ್ಲಿಗೇ ಬಿಟ್ಟೆ.

ಮೊದಲು ಮೀನಖಂಡ ಮುಟ್ಟಿ ನೋಡಿದೆ. ಒಂದೇ ಕಾಲಿನ ಮೀನಖಂಡ ಊದಿ, ಬೆಚ್ಚಗಾಗಿ, ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೂ ಅದೇ ಭಯ. ಹಾಗೇ, ಒಮ್ಮೆಲೇ ಕಾಲು ಗಿಡ್ಡವಾಗಿ ಎತ್ತಲಾಗದಂಥ ನೋವು ಬಂದರೆ ಬಾಲ್ ಜಾರಿದೆ ಅಂತ ಅನುಮಾನ ಪಡಬೇಕು. ಅಂಥ ಹೊತ್ತಲ್ಲಿ ದಿಂಬು, ಹಾಸಿಗೆ ಅಂತ ಕೂರುವ ಹಾಗಿಲ್ಲ, ಸೀದಾ ಆಸ್ಪತ್ರೆಗೆ ಹೋಗಬೇಕು. ಇವರಿಗೆ ಅದ್ಯಾವುದೂ ಇರಲಿಲ್ಲ. ಗಾಯ ಒಣಗಿತ್ತು, ಜ್ವರ ಇರಲಿಲ್ಲ.

ನೋವು ಹತ್ತಕ್ಕೆ ಎಷ್ಟು ಅಂತ ಕೇಳುವುದು ನಮ್ಮ ಪುಸ್ತಕದ ಪದ್ಧತಿ. ಹಳ್ಳಿಯ ಹಿರಿಯರಿಗೆ ಅದು ತಲೆಗೆ ಹೋಗುವುದಿಲ್ಲ. ನಾನು ಆಣೆ ಲೆಕ್ಕದಲ್ಲಿ ಕೇಳುತ್ತೇನೆ. "ಹದಿನಾರಾಣೆ ಅಂದ್ರೆ ತಡಿಯಕ್ಕಾಗ್ದಂಗೆ. ಈಗ ಎಷ್ಟಾಣೆ ಅದೆ?"

"ಸುಮ್ನೆ ಕೂತ್ರೆ ನಾಲ್ಕಾಣೆ. ಹೊಳ್ಳುದ್ರೆ ಹತ್ತಾಣೆ ಕಣವ್ವ."

ಹೊರಳಿದರೆ ತಾನೆ ನೋವು, ಹೊರಳದ ಹಾಗೆ ಮಾಡಿದರಾಯಿತು ಅಂತ ನಾನು ಲೆಕ್ಕ ಹಾಕಿದೆ. ಆಸ್ಪತ್ರೆಯಿಂದ ಕೊಟ್ಟಿದ್ದ ಮುಕ್ಕೋನದ ಫೋಮ್ ದಿಂಬು ಮಂಚದ ಕೆಳಗೆ ಬಿದ್ದಿತ್ತು. ಎತ್ತಿ ಧೂಳು ಕೊಡವಿ ಎರಡು ಕಾಲಿನ ಮಧ್ಯೆ ಇಟ್ಟೆ, ಪಟ್ಟಿ ಬಿಗಿದೆ. ಅಂಗಾತ ಮಲಗಿಸಿದೆ. ಅಜ್ಜಿ ತೊಲೆ ನೋಡುತ್ತಾ ಹೇಳಿದರು: "ಹೆಣ ಮಲಗ್ಸಿದಂಗೆ ಮಲಗ್ಸಿದ್ರೆ ಯಾರ್ಗೆ ನಿದ್ದೆ ಬತ್ತದೆ?"

ನಾನು ನಕ್ಕು ಬಂದೆ. ಬೆಳಿಗ್ಗೆ ಸೊಸೆಯ ಫೋನು. ಆ ರಾತ್ರಿ ಅಜ್ಜಿ ರೆಪ್ಪೆಗೆ ರೆಪ್ಪೆ ಅಂಟಿಸಿರಲಿಲ್ಲ. ಮೂರು ಗಂಟೆಗೆ ಪಟ್ಟಿ ಕಿತ್ತು ದಿಂಬು ಎಸೆದಿದ್ದರು.

ಮಂಚ, ದಿಕ್ಕು, ದಿಂಬು

ಮಾರನೇ ದಿನ ಟೇಪು ತಗೊಂಡು ಹೋದೆ. ನೆಲದಿಂದ ಅಜ್ಜಿಯ ಮಂಡಿಯ ಹಿಂಬದಿಗೆ 16 ಇಂಚು. ಮಂಚ ಮತ್ತು ಫೋಮು ಸೇರಿ ನೋಡಕ್ಕೆ 16 ಇಂಚೇ ಇತ್ತು. ಆದರೆ ಅವರು ಕೂತ ತಕ್ಷಣ ಕುಸಿದು 13ಕ್ಕೆ ಬಂತು. ಸೊಂಟ ಕೆಳಗೆ, ಮಂಡಿ ಮೇಲೆ. ಏಳಬೇಕಾದರೆ ಮುಂದಕ್ಕೆ ಬಾಗಲೇಬೇಕು, ಆಗ 90 ಡಿಗ್ರಿ ದಾಟುತ್ತದೆ. ಹತ್ತಾಣೆ ನೋವು ಹುಟ್ಟುತ್ತಿದ್ದಿದ್ದು ಇಲ್ಲಿ. ಕೂತಾಗ ಹಾಸಿಗೆ ಮಂಡಿಗಿಂತ ಎರಡು ಇಂಚಾದರೂ ಎತ್ತರ ಇರಬೇಕು.

ಮಗ ಇಟ್ಟಿಗೆ ಇಡೋಣ ಅಂದರು. ಬೇಡ ಅಂದೆ. ಅಜ್ಜಿ ಅಂಚಿನಲ್ಲಿ ಕೂತು ಭಾರ ಹಾಕಿದಾಗ ಮಂಚದ ಕಾಲು ಇಟ್ಟಿಗೆಯಿಂದ ಜಾರುವುದನ್ನು ಬೇರೆ ಮನೆಯಲ್ಲಿ ನೋಡಿದ್ದೇನೆ. ಊರಿನ ಆಚಾರ್ರು ಮಾವಿನ ಮರದಲ್ಲಿ ನಾಲ್ಕು ದಿಮ್ಮಿ ಮಾಡಿಕೊಟ್ಟರು. ಒಂದೊಂದೂ ನಾಲ್ಕಿಂಚು ಎತ್ತರಿಸುವ ಲೆಕ್ಕ, ಮೇಲೆ ಮಂಚದ ಕಾಲು ಕೂರುವಷ್ಟು ಗುಳಿ. ಚೌಕಟ್ಟಿನ ಮೇಲೆ ಪ್ಲೈವುಡ್ ಹಲಗೆ, ಅದರ ಮೇಲೆ ಹಳೇ ಹತ್ತಿ ಹಾಸಿಗೆ. ಕೂತಾಗ ಹದಿನೆಂಟೂವರೆ ಇಂಚು ಬಂತು. ಅಜ್ಜಿ ಮೊದಲ ಸಲ ಯಾರ ಕೈಯೂ ಹಿಡಿಯದೆ ವಾಕರ್‌ಗೆ ಎದ್ದರು.

ದಿಕ್ಕಿನದು ದೊಡ್ಡ ಪಂಚಾಯ್ತಿ ಆಯಿತು. ಆಪರೇಷನ್ ಆದ ಕಾಲಿನ ಕಡೆಗೇ ಮಂಚ ಇಳಿಯುವುದು ಇವರಿಗೆ ಒಳ್ಳೆಯದು. ಆ ಕಾಲು ಮೊದಲು ಹೊರಕ್ಕೆ ಸರಿಯುತ್ತದೆ, ನಡುಗೆರೆ ದಾಟುವ ಪ್ರಮೇಯ ಇರುವುದಿಲ್ಲ. ಇವರದ್ದು ಬಲಗಾಲು. ಆದರೆ ಮಂಚ ಪೂರ್ವದ ಗೋಡೆಗೆ ಅಂಟಿತ್ತು, ತಲೆ ದಕ್ಷಿಣಕ್ಕೆ. ಅಂದರೆ ಬಲಕ್ಕೆ ಗೋಡೆ. ತಲೆ ಆ ಕಡೆ ಮಾಡಿ ಅಂದೆ ನಾನು, ಯೋಚನೆ ಮಾಡದೆ. ಮನೆಯೆಲ್ಲ ಒಂದು ಕ್ಷಣ ಸುಮ್ಮನಾಯಿತು. "ಉತ್ತರಕ್ಕೆ ತಲೆ ಹಾಕಿ ಯಾರಾರ ಮಲಗ್ತರ?" ಅಜ್ಜಿ ನನ್ನನ್ನು ನೋಡಿದ ರೀತಿಗೆ ನಾನು ಟೇಪು ಸುತ್ತಿಟ್ಟೆ. ಕೊನೆಗೆ ದಕ್ಷಿಣದ ಗೋಡೆಗೆ ಒರಗಿದ್ದ ರಾಗಿ ಮೂಟೆಗಳನ್ನು ಕೋಣೆಗೆ ಸಾಗಿಸಿದರು. ಅಲ್ಲಿ ಮಂಚ ಬಂತು. ತಲೆ ಪೂರ್ವಕ್ಕೆ, ಗೋಡೆ ಎಡಕ್ಕೆ, ಇಳಿಯುವ ಬಲಮಗ್ಗುಲು ಖಾಲಿ. ಎಲ್ಲರಿಗೂ ಸಮಾಧಾನ.

ಫೋಮ್ ದಿಂಬು ಒಳ್ಳೆಯದೇ. ಆದರೆ ಏಪ್ರಿಲ್ ಸೆಕೆಯಲ್ಲಿ ಅದು ತೊಡೆಗೆ ಅಂಟಿ ಬೆವರಿಸುತ್ತದೆ. ಬದಲಿಗೆ ಮನೆಯ ಬೂರುಗದ ಹತ್ತಿ ದಿಂಬು ಇಟ್ಟು ನೋಡಿದೆವು. ಎರಡು ಗಂಟೆಯಲ್ಲಿ ಅಪ್ಪಚ್ಚಿ. ಆಮೇಲೆ ಸೊಸೆಯೇ ಒಂದು ಉಪಾಯ ಮಾಡಿದಳು. ಎರಡು ಹಳೇ ದುಪ್ಪಟಿಯನ್ನು ಬಿಗಿಯಾಗಿ ಸುರುಳಿ ಸುತ್ತಿ, ಮೇಲೆ ಮಾವನ ಹಳೇ ಪಂಚೆ ಹೊದಿಸಿ ಮೂರು ಕಡೆ ದಾರ ಕಟ್ಟಿದಳು. ತೊಡೆಯಿಂದ ಪಾದದವರೆಗೆ ಉದ್ದ. ಉದ್ದ ಇರುವುದು ಮುಖ್ಯ. ಮಂಡಿ ಮಧ್ಯೆ ಮಾತ್ರ ಸಣ್ಣ ದಿಂಬು ಇಟ್ಟರೆ ಮಂಡಿಯಿಂದ ಕೆಳಗಿನ ಕಾಲು ಜೋತುಬಿದ್ದು ಸೊಂಟ ತಿರುಚುತ್ತದೆ. ಹತ್ತಿಯಾದ್ದರಿಂದ ಬೆವರಲಿಲ್ಲ. ಹಳೇ ಪಂಚೆ ಅನ್ನುವ ಕಾರಣಕ್ಕೋ ಏನೋ, ಅಜ್ಜಿ ಅದನ್ನು ಎಸೆಯಲೂ ಇಲ್ಲ.

ಬಲಗಾಲಿನ ಹಿಮ್ಮಡಿ ಕೆಂಪಾಗಿತ್ತು. ಅಂಗಾತ ಅಲುಗಾಡದೆ ಮಲಗುವವರ ಹಿಮ್ಮಡಿ ಹಾಸಿಗೆಗೆ ಒತ್ತಿ ಒತ್ತಿ ಹುಣ್ಣಾಗುತ್ತದೆ. ಟವೆಲ್ ಮಡಿಸಿ ಮೀನಖಂಡದ ಕೆಳಗೆ ಇಟ್ಟು ಹಿಮ್ಮಡಿ ತೇಲುವ ಹಾಗೆ ಮಾಡಿದೆವು. ಮೂರು ದಿನಕ್ಕೆ ಕೆಂಪು ಇಳಿಯಿತು. ಪಾದವನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮ ಮಲಗುವ ಮುಂಚೆಯೂ ಮಾಡಿಸಿದೆ. ಸೊಳ್ಳೆ ಪರದೆಯ ಬಲ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಬೇಡಿ, ಇಳಿಬಿಡಿ ಅಂದೆ. ಕತ್ತಲಲ್ಲಿ ಕಾಲಿಗೆ ಸಿಕ್ಕಿಕೊಂಡರೆ ಮತ್ತೆ ಬೀಳುವುದೇ.

ನೋವಿನ ಮಾತ್ರೆಯ ಹೊತ್ತನ್ನೂ ಬದಲಾಯಿಸಿದೆವು, ಡಾಕ್ಟರನ್ನು ಫೋನಿನಲ್ಲಿ ಕೇಳಿ. ರಾತ್ರಿಯದನ್ನು ಏಳೂವರೆಗೆ ಊಟದ ಜೊತೆ ನುಂಗಿ ಎಂಟಕ್ಕೇ ಮಲಗುತ್ತಿದ್ದರು. ಪ್ಯಾರಾಸಿಟಮಾಲ್ ಕೆಲಸ ಮಾಡುವುದು ಸುಮಾರು ನಾಲ್ಕರಿಂದ ಆರು ಗಂಟೆ. ಒಂದು ಗಂಟೆ ರಾತ್ರಿಗೆ ಅದರ ಕಥೆ ಮುಗಿದಿರುತ್ತದೆ. ಒಂಬತ್ತೂವರೆಗೆ ಮಾತ್ರೆ, ಹತ್ತಕ್ಕೆ ಮಲಗುವುದು ಅಂತಾಯಿತು. ಅಲ್ಲಿವರೆಗೆ ಮನೆಯವರ ಜೊತೆ ಕೂತು ಧಾರಾವಾಹಿ ನೋಡಲಿ. ಮಧ್ಯಾಹ್ನದ ಎರಡು ಗಂಟೆ ನಿದ್ದೆಯನ್ನು ಅರ್ಧ ಗಂಟೆಗೆ ಇಳಿಸಿದೆವು. ಸಂಜೆಯ ಕಾಫಿ ನಿಲ್ಲಿಸಿ ಅಂದಿದ್ದಕ್ಕೆ ಮಾತ್ರ ಅಜ್ಜಿ ಒಪ್ಪಲಿಲ್ಲ. ಮೂರು ಗಂಟೆಗೆ ಹಿಂದಕ್ಕೆ ತಂದೆವು.

ಇಷ್ಟೆಲ್ಲ ಆದ ಮೇಲೆ ಹೊರಳುವ ನೋವು ಹತ್ತಾಣೆಯಿಂದ ಐದಾಣೆಗೆ ಬಂತು. ನಾನು ಗೆದ್ದೆ ಅಂದುಕೊಂಡೆ. ಸೊಸೆ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿ ಅತ್ತೆ ಎಷ್ಟು ಹೊತ್ತು ಮಲಗಿದರು ಅಂತ ಅಂದಾಜಿನಲ್ಲಿ ಬರೆಯುತ್ತಿದ್ದಳು. ಹನ್ನೊಂದನೇ ದಿನ ಎರಡೂವರೆ ಗಂಟೆ. ಹನ್ನೆರಡನೇ ದಿನ ಮೂರು. ಹನ್ನೆರಡು ಗಂಟೆಗೆ ಎದ್ದು ಕೂತರೆ ಬೆಳಗಿನವರೆಗೆ ಹಾಗೇ.

ಕಿಟಕಿಯಾಚೆ ಚೆಲ್ಲಿದ ನೀರು

ಹದಿಮೂರನೇ ದಿನ ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಎಂಟು ವರ್ಷದ ಮೊಮ್ಮಗ ಹತ್ತಿರ ಬಂದು ದೂರು ಹೇಳಿದ. "ಮಿಸ್, ನಮ್ಮಜ್ಜಿ ಸಂಜೆ ಕೊಟ್ಟ ನೀರ್ನೆಲ್ಲ ಕಿಟಕಿಯಿಂದ ಚೆಲ್ಬುಡ್ತದೆ."

ಚಪ್ಪಲಿ ಬಿಟ್ಟು ಒಳಗೆ ಹೋದೆ. ಸೊಸೆ ಹಾಲು ಕರೆಯಕ್ಕೆ ಹೋಗಿದ್ದಳು. ಅಜ್ಜಿಯ ಪಕ್ಕ ಕೂತು ಕೇಳಿದೆ. ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತರು. ಆಮೇಲೆ ಹೇಳಿದರು. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಬರುತ್ತದೆ. ಬಚ್ಚಲು ಹಿತ್ತಲ ಕಡೆ, ಒಬ್ಬರೇ ಹೋಗುವ ಹಾಗಿಲ್ಲ. ಮೊದಲ ಎರಡು ರಾತ್ರಿ ಸೊಸೆಯನ್ನು ಕೂಗಿದರು. ಮೂರನೇ ರಾತ್ರಿಯಿಂದ ಕೂಗಲಿಲ್ಲ.

"ನಾಲ್ಕೂವರೆಗೆ ಎದ್ದು ಹಾಲು ಕರೀತಳೆ. ಆಮೇಕೆ ಗದ್ದೆ, ಒಲೆ, ಐಕ್ಳು ಸ್ಕೂಲು. ಸತ್ತಂಗೆ ಮಲಗಿರ್ತಳೆ ಪಾಪ. ಎಬ್ಸಕ್ಕೆ ಮನ್ಸು ಬರಾಕಿಲ್ಲ ಕಣ್ಮಗ. ಮಲಗುದ್ರೆ ಎಲ್ಲಿ ಹಾಸ್ಗೇಲೇ ಆಗೋಯ್ತದೋ ಅಂತ ಕೂತಿರ್ತೀನಿ."

ನೋವಿಗಾಗಿ ಕೂತಿರಲಿಲ್ಲ. ಕಾವಲು ಕೂತಿದ್ದರು. ನೀರು ಕುಡಿಯುತ್ತಿರಲಿಲ್ಲ. ಆ ತುಟಿಯನ್ನು ನಾನು ಒಂಬತ್ತನೇ ದಿನವೇ ನೋಡಿದ್ದೆ.

ಆದರೆ ನೀರೇ ಕುಡಿಯದವರಿಗೆ ಐದು ಸಲ ಯಾಕೆ ಬರುತ್ತದೆ? ಮಾತ್ರೆ ಇಡುವ ಬಿಸ್ಕತ್ ಡಬ್ಬ ತರಿಸಿ ಚೀಟಿಯ ಜೊತೆ ಒಂದೊಂದೇ ಪಟ್ಟಿ ಹೋಲಿಸಿದೆ. ಅಜ್ಜಿಯ ಹಳೇ ಬಿ.ಪಿ. ಮಾತ್ರೆ ಮೂತ್ರ ಜಾಸ್ತಿ ಹೋಗುವಂತೆ ಮಾಡಿ ಒತ್ತಡ ಇಳಿಸುವ ಬಗೆಯದು. ಚೀಟಿಯಲ್ಲಿ ಅದಕ್ಕೆ 1-0-0 ಅಂತ ಸರಿಯಾಗಿಯೇ ಬರೆದಿತ್ತು, ಬೆಳಿಗ್ಗೆ ಒಂದು. ಕೊಲೆಸ್ಟ್ರಾಲ್ ಮಾತ್ರೆಗೆ 0-0-1. ಎರಡೂ ಬೆಳ್ಳಿ ಬಣ್ಣದ ಪಟ್ಟಿ, ಎರಡೂ ಸಣ್ಣ ಬಿಳಿ ಗುಳಿಗೆ. ಆಸ್ಪತ್ರೆಯಿಂದ ಬಂದ ಗಡಿಬಿಡಿಯಲ್ಲಿ ಅದಲು ಬದಲಾಗಿತ್ತು. ಒಂದು ವಾರದಿಂದ ಮೂತ್ರದ ಮಾತ್ರೆ ರಾತ್ರಿ ಹೋಗುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿಸಿದೆ. ಬೆಳಿಗ್ಗೆಗೇ ಹಾಕಿ ಅಂದರು. ಬಿ.ಪಿ. ನೋಡಿಸಿ, ಮೂತ್ರದಲ್ಲಿ ಸೋಂಕು ಇದೆಯಾ ಪರೀಕ್ಷೆ ಮಾಡಿಸಿ ಅಂತಲೂ ಹೇಳಿದರು. ಸೋಂಕು ಇರಲಿಲ್ಲ. ಸೊಸೆ ಬೆಳಗಿನ ಪಟ್ಟಿಗೆ ಅರಿಶಿನದ ಬೊಟ್ಟು, ರಾತ್ರಿಯದಕ್ಕೆ ಕಾಡಿಗೆಯ ಬೊಟ್ಟು ಇಟ್ಟಳು. ಅದಾದ ಮೇಲೆ ತಪ್ಪಲಿಲ್ಲ.

ನೀರನ್ನು ಬೆಳಿಗ್ಗೆಯಿಂದ ಸಂಜೆ ಆರರೊಳಗೆ ಚೆನ್ನಾಗಿ ಕುಡಿಯುವುದು, ಆಮೇಲೆ ಗುಟುಕು ಅಷ್ಟೇ ಅಂತ ಮಾಡಿದೆವು. ರಾತ್ರಿ ಐದು ಸಲ ಹೋಗಿ ಎರಡು ಸಲಕ್ಕೆ ಬಂತು. ಮಂಡ್ಯದಿಂದ ಕಮೋಡ್ ಕುರ್ಚಿ ಬಾಡಿಗೆಗೆ ತಂದು ಮಂಚದ ಬಲಕ್ಕೆ, ವಾಕರ್ ತಿರುಗಿಸುವಷ್ಟು ಜಾಗ ಬಿಟ್ಟು ಇಟ್ಟೆವು. ಜೀರೋ ಬಲ್ಬು ಹಾಕಿಸಿದೆವು, ಕನ್ನಡಕ ದಿಂಬಿನ ಪಕ್ಕ. ನಾನೊಂದು ಒತ್ತುವ ಬೆಲ್ಲನ್ನೂ ತಂದುಕೊಟ್ಟೆ.

ಅಜ್ಜಿ ಬೆಲ್ಲು ಒತ್ತಲೇ ಇಲ್ಲ. ಕುರ್ಚಿಗೆ ದಾಟುವಾಗ ಒಬ್ಬರು ಪಕ್ಕದಲ್ಲಿ ಇರಲೇಬೇಕು ಅಂತ ನಾನು ಹೇಳಿದ್ದೆ. ಅವರು ಒಬ್ಬರೇ ಹೋಗಲೂ ಇಲ್ಲ, ಕರೆಯಲೂ ಇಲ್ಲ. ಮತ್ತೆ ಕೂತರು.

ಒಂದು ಗಂಟೆಯ ಮೋಟ್ರು

ದಾರಿ ಸಿಕ್ಕಿದ್ದು ಕರೆಂಟಿನಿಂದ. ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಆ ಊರಲ್ಲಿ ಆಗ ಒಂದು ವಾರ ಹಗಲು, ಒಂದು ವಾರ ರಾತ್ರಿ ಬರುತ್ತಿತ್ತು. ಹದಿನಾಲ್ಕನೇ ದಿನದಿಂದ ರಾತ್ರಿ ಪಾಳಿ. ಒಂದು ಗಂಟೆಗೆ ಕರೆಂಟು ಬಂದರೆ ಮಗ ಬ್ಯಾಟರಿ ಹಿಡಿದು ಕಬ್ಬಿಗೆ ನೀರು ಕಟ್ಟಲು ಹೋಗುತ್ತಿದ್ದರು. ಬಾಗಿಲು ಹಾಕಿಕೊಳ್ಳಲು ಸೊಸೆ ಏಳಬೇಕು. ಎದ್ದವಳು ಅತ್ತೆಯನ್ನೂ ಎಬ್ಬಿಸಿದಳು. "ಹೆಂಗೂ ಎದ್ದಿದೀನಿ, ಬನ್ನಿ ಅತ್ತೆ." ಅಜ್ಜಿ ತಕರಾರಿಲ್ಲದೆ ಎದ್ದರು. ತನಗಾಗಿ ಯಾರೂ ನಿದ್ದೆಗೆಟ್ಟಿರಲಿಲ್ಲವಲ್ಲ. ಮತ್ತೆ ಮಲಗಿದವರು ನಾಲ್ಕೂವರೆಗೆ, ಹಾಲು ಕರೆಯುವ ಹೊತ್ತಿಗೆ ಎಚ್ಚರವಾದರು. ಎರಡನೇ ಸಲ ಆಗ.

ಕ್ಯಾಲೆಂಡರಿನಲ್ಲಿ ಹದಿನೈದನೇ ದಿನ ನಾಲ್ಕೂವರೆ ಗಂಟೆ. ಹದಿನೆಂಟಕ್ಕೆ ಐದೂವರೆ. ಈ ನಡುವೆ ಹೊಲಿಗೆ ಬಿಚ್ಚಿದ್ದರು. ವಾಕರ್‌ನಲ್ಲಿ ಜಗಲಿವರೆಗೆ ಹೋಗಿ ಬರುತ್ತಿದ್ದರು. ನಿದ್ದೆ ಆದವರ ಕಾಲಿನ ಹೆಜ್ಜೆಯೇ ಬೇರೆ, ಅದನ್ನು ಅಳೆಯಲು ನನ್ನ ಹತ್ತಿರ ಟೇಪು ಇಲ್ಲ.

ಇಪ್ಪತ್ತೊಂದನೇ ದಿನ ಪಾಳಿ ಹಗಲಿಗೆ ಬದಲಾಯಿತು. ಆ ರಾತ್ರಿ ಮಗ ಏಳಲಿಲ್ಲ, ಸೊಸೆಯೂ ಏಳಲಿಲ್ಲ. ಬೆಳಿಗ್ಗೆ ನೋಡಿದರೆ ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. ಕ್ಯಾಲೆಂಡರಿನಲ್ಲಿ ಮತ್ತೆ ಮೂರು.

ಬೆಲ್ಲಿನ ಬಗ್ಗೆ ಇನ್ನೊಂದು ಸಲ ತಿಳಿ ಹೇಳಬೇಕು ಅಂತ ನಾನು ಮಾತು ಜೋಡಿಸಿಕೊಂಡು ಹೋದೆ. ಆದರೆ ಆ ವಾರದ ಮಿಕ್ಕ ದಿನಗಳಲ್ಲಿ ಐದು, ಐದೂವರೆ, ಆರು ಅಂತ ಬರೆದಿತ್ತು. ಏನು ಮಾಡಿದೆ ಅಂತ ಸೊಸೆಯನ್ನು ಕೇಳಿದೆ. ಫೋನಿನಲ್ಲಿ ಒಂದು ಗಂಟೆಗೆ ಅಲಾರಾಂ ಇಟ್ಟು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾಳಂತೆ. ಎದ್ದು ಹೋಗಿ, "ಕರೆಂಟು ಬಂತು ಅತ್ತೆ, ಅವ್ರು ಗದ್ದೆಗೆ ಹೋದ್ರು, ಏಳಿ" ಅನ್ನುತ್ತಾಳಂತೆ. "ನಂಬ್ತಾರೆ ಮೇಡಂ" ಅಂತ ಪಿಸುಗುಟ್ಟಿ ನಕ್ಕಳು.

ಒಳಗೆ ಹೋಗಿ ಅಜ್ಜಿಗೆ ಕಾಲು ಎತ್ತಿಸುವ ವ್ಯಾಯಾಮ ಶುರು ಮಾಡಿದೆ. ಎಣಿಕೆ ಆರಕ್ಕೋ ಏಳಕ್ಕೋ ಬಂದಾಗ ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮೋಟ್ರು ಸದ್ದೇ ಇರಾಕಿಲ್ಲ ಕಣವ್ವ. ಮಗ ಅಲ್ಲೇ ಗೊರಕೆ ಹೊಡೀತಿರ್ತನೆ. ನಾನೂ ಸುಮ್ನೆ ಎದ್ದೋಯ್ತೀನಿ."

ಆರನೇ ವಾರ ಮೈಸೂರಿಗೆ ಹೋಗಿ ಎಕ್ಸ್‌ರೇ ತೆಗೆಸಿ ಬಂದರು. ದುಪ್ಪಟಿಯ ಸುರುಳಿ ಮಧ್ಯೆ ಇಟ್ಟುಕೊಂಡು ಎಡಮಗ್ಗುಲಿಗೆ ಮಲಗಬಹುದು ಅಂತ ಡಾಕ್ಟರು ಹೇಳಿದರು. ಮೊದಲ ರಾತ್ರಿ ಗೋಡೆ ಕಡೆ ಮುಖ ಮಾಡಿ ಆರೂವರೆ ಗಂಟೆ ನಿದ್ದೆ. ಅಷ್ಟು ಹೊತ್ತಿಗೆ ಒಂದು ಗಂಟೆಯ ಎಚ್ಚರವೂ ಬೇಕಾಗುತ್ತಿರಲಿಲ್ಲ. ಕಮೋಡ್ ಕುರ್ಚಿ ಹನ್ನೆರಡನೇ ವಾರ ವಾಪಸ್ ಹೋಯಿತು. ನೆಲದ ಮೇಲೆ ಮಲಗುವುದಕ್ಕೆ ಮಾತ್ರ ಡಾಕ್ಟರು ಒಪ್ಪಿಲ್ಲ, ನಾನೂ ಒಪ್ಪಿಲ್ಲ. ಚಾಪೆ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿದ್ದಾರೆ. ಹೋದಾಗಲೆಲ್ಲ ಅಜ್ಜಿ ಅದನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡುತ್ತಾರೆ.